ಕಿವಿಯೊಳಗಿನ ಜೀರುಂಡೆ

ಕಿವಿಯ ಗುಗ್ಗೆ ತೆಗೆಸುವುದು ಅಂದ್ರೆ ಉಗುರು ಕತ್ತರಿಸಿಕೊಂಡಷ್ಟೇ ಸಲೀಸು ಅಂದುಕೊಂಡಿದ್ದೆ. ಕಳೆದ ವರ್ಷ ಜನವರಿಯ ಒಂದು ಶನಿವಾರ ‘ಹನ್ನೊಂದಕ್ಕೆಲ್ಲ ಬಂದ್ಬಿಡ್ತೀನಿ, ಬರ್ತಾ ಕೊತ್ತಂಬರಿ ಸೊಪ್ಪು ತರ್ತೀನಿ’ ಎಂದು ಹೆಂಡತಿಗೆ ಹೇಳಿ ಮನೆಯಿಂದ ಹೊರಟೆ. ಹನ್ನೊಂದಕ್ಕೆ ಬಂದೆ, ಸೊಪ್ಪು ಮರೆತಿದ್ದೆ. ಬಾಗಿಲು ತೆಗೆದವಳು ಏನೋ ಕೇಳಿದಳು. ಎಷ್ಟೋ ದಿನಗಳ ನಂತರ ಅವಳ ಮಾತು ಸ್ಪಷ್ಟವಾಗಿ ಕೇಳಿಸಿತು. ಆದರೆ ಆ ಮಾತಿನ ಹಿಂದೆ ಇನ್ನೊಂದು ಸದ್ದೂ ಇತ್ತು. ಅದು ಇವತ್ತಿಗೂ ನಿಂತಿಲ್ಲ.

ನಿಜ ಹೇಳಬೇಕೆಂದರೆ ನನ್ನ ಬಲಗಿವಿಯಲ್ಲಿ ಸಣ್ಣಗೆ ‘ಕುಂಯ್’ ಎನ್ನುವ ಸದ್ದು ಕಾಲೇಜಿನ ದಿನಗಳಿಂದಲೂ ಇತ್ತು. ಇಂಜಿನಿಯರಿಂಗ್ ಮೂರನೇ ವರ್ಷದ ಫೆಸ್ಟ್‌ನಲ್ಲಿ ಆಳೆತ್ತರದ ಸ್ಪೀಕರ್ ಪಕ್ಕದಲ್ಲೇ ಎರಡು ಗಂಟೆ ಕುಣಿದಿದ್ದೆವು. ಮರುದಿನ ಎಲ್ಲರ ಕಿವಿಯೂ ಗುಂಯ್ ಅನ್ನುತ್ತಿತ್ತು. ಉಳಿದವರದ್ದು ಹೋಯಿತು, ನನ್ನದು ಸ್ವಲ್ಪ ಉಳಿಯಿತು. ರಾತ್ರಿ ದಿಂಬಿಗೆ ಕಿವಿ ಒತ್ತಿದಾಗ ಮಾತ್ರ ಗೊತ್ತಾಗುವಷ್ಟು. ಅದೊಂದು ಕಾಯಿಲೆ ಅಂತ ನನಗೆ ಅನ್ನಿಸಿಯೇ ಇರಲಿಲ್ಲ.

ಆಮೇಲೆ ಕೆಲಸಕ್ಕೆ ಸೇರಿದೆ. ದಿನಕ್ಕೆ ಆರೇಳು ಗಂಟೆ ಕಿವಿಯೊಳಗೆ ಇಯರ್‌ಬಡ್ಸ್. ಸ್ನಾನ ಆದ ಮೇಲೆ ಹತ್ತಿ ಕಡ್ಡಿ ಹಾಕಿ ತಿರುಗಿಸುವುದು ಚಿಕ್ಕಂದಿನಿಂದ ಬಂದ ಅಭ್ಯಾಸ. ಹೀಗೆ ಒತ್ತಿ ಒತ್ತಿ ಒಳಗೆ ಸೇರಿಸಿದ ಗುಗ್ಗೆ ಸಂಕ್ರಾಂತಿಯ ಎಣ್ಣೆ ಸ್ನಾನದ ನೀರು ಕುಡಿದು ಉಬ್ಬಿತು. ಬಲಗಿವಿ ಪೂರ್ತಿ ಬಂದ್. ನನ್ನ ಮಾತು ನನಗೇ ಮಡಕೆಯೊಳಗಿಂದ ಬಂದಂತೆ ಕೇಳಿಸತೊಡಗಿತು. ಹತ್ತಿರದ ಆಸ್ಪತ್ರೆಯೊಂದರ ಕಿವಿ-ಮೂಗು-ಗಂಟಲು ವಿಭಾಗಕ್ಕೆ ಹೋದೆ.

ವೈದ್ಯರು ನೋಡಿ, ‘ಗಟ್ಟಿಯಾಗಿದೆ, ಪರದೆ ಹತ್ತಿರವೇ ಕೂತಿದೆ, ಸಕ್ಷನ್ ಮಾಡ್ತೀನಿ’ ಅಂದರು. ಸಣ್ಣ ಲೋಹದ ಕೊಳವೆ ಕಿವಿಯೊಳಗೆ ಬಂತು. ಮಿಕ್ಸಿಯನ್ನು ತಲೆಯೊಳಗೇ ಇಟ್ಟು ಓಡಿಸಿದಂಥ ಶಬ್ದ. ನಾನು ತಲೆ ಹಿಂದಕ್ಕೆ ಎಳೆದುಕೊಂಡೆ. ‘ಅಲ್ಲಾಡಬೇಡಿ, ಈಗ ಮುಗೀತು’ ಅಂದರು. ಎರಡು ನಿಮಿಷವೋ ಮೂರು ನಿಮಿಷವೋ. ಕೊನೆಗೆ ‘ಪಟ್’ ಅಂತ ಏನೋ ಕಿತ್ತು ಬಂತು. ಕಡಲೆಕಾಳಿನಷ್ಟು ಕಪ್ಪು ಉಂಡೆಯನ್ನು ತೋರಿಸಿ, ‘ನೋಡಿ ಇದು’ ಎಂದರು. ಹೊರಗೆ ಬಂದರೆ ಆಟೋ ಹಾರ್ನ್ ಸೂಜಿಯಂತೆ ಚುಚ್ಚಿತು. ಇಷ್ಟು ದಿನ ಮುಚ್ಚಿತ್ತಲ್ಲ, ಅದಕ್ಕೇ ಹೀಗೆ ಅಂತ ಸಮಾಧಾನ ಮಾಡಿಕೊಂಡೆ.

ಆ ರಾತ್ರಿ ದೀಪ ಆರಿಸಿದ ಮೇಲೆ ಗೊತ್ತಾಯಿತು. ಹಳೆಯ ‘ಕುಂಯ್’ ಹೋಗಿ, ಅದರ ಜಾಗದಲ್ಲಿ ಹಳೆಯ ಟಿ.ವಿ. ಆನ್ ಮಾಡಿದಾಗ ಬರುತ್ತಿದ್ದಂಥ ಚೂಪಾದ ‘ಕೀ...’ ಶಬ್ದ ಬಂದು ಕೂತಿತ್ತು. ಬೆಳಗಿನ ಜಾವ ನಾಲ್ಕಕ್ಕೂ ಎದ್ದೇ ಇದ್ದೆ.

ಎಕ್ಸೆಲ್ ಶೀಟಿನಲ್ಲಿ ಕಿವಿ

ಮೂರನೇ ದಿನ ಮತ್ತೆ ಅದೇ ವೈದ್ಯರ ಬಳಿ ಹೋದೆ. ಪರದೆ ಚೆನ್ನಾಗಿದೆ, ಸ್ವಲ್ಪ ಕೆಂಪಾಗಿದೆ ಅಷ್ಟೆ, ಹನಿ ಹಾಕಿ, ತಾನಾಗಿ ಹೋಗುತ್ತೆ ಅಂದರು. ಒಂದು ವಾರ ಕಾದೆ, ಹೋಗಲಿಲ್ಲ. ಎರಡನೇ ವಾರದಿಂದ ನನ್ನೊಳಗಿನ ಸಾಫ್ಟ್‌ವೇರ್ ಇಂಜಿನಿಯರ್ ಎದ್ದು ಕೂತ.

ನಮ್ಮ ವೃತ್ತಿಯಲ್ಲಿ ಏನಾದರೂ ಕೆಟ್ಟರೆ ಮೊದಲು ಮಾಡುವ ಕೆಲಸ, ಲಾಗ್ ನೋಡುವುದು. ನಿನ್ನೆವರೆಗೆ ಸರಿಯಾಗಿತ್ತು, ಇವತ್ತು ಸರಿಯಿಲ್ಲ ಅಂದ್ರೆ ಮಧ್ಯೆ ಏನು ಬದಲಾಯಿತು ಅಂತ ಹುಡುಕಿ, ಅದನ್ನು ಹಿಂದಕ್ಕೆ ತಿರುಗಿಸಿದರೆ ಸಮಸ್ಯೆ ಮುಗಿಯಿತು. ಕಿವಿಗೂ ಅದನ್ನೇ ಮಾಡಲು ಹೊರಟೆ. ಎಕ್ಸೆಲ್ ಶೀಟ್ ತೆರೆದೆ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂರು ಹೊತ್ತು ಸದ್ದಿಗೆ ಹತ್ತಕ್ಕೆ ಎಷ್ಟು ಅಂಕ ಎಂದು ಬರೆದೆ. ಪಕ್ಕದಲ್ಲಿ ಕಾಫಿ ಎಷ್ಟು, ಉಪ್ಪು ಎಷ್ಟು, ನಿದ್ದೆ ಎಷ್ಟು ಗಂಟೆ, ಯಾವ ಮಗ್ಗುಲು ಮಲಗಿದ್ದೆ ಎಂಬ ಕಾಲಂಗಳು. ಅಂಕ ಕೊಡಬೇಕೆಂದರೆ ಸದ್ದನ್ನು ಕೇಳಬೇಕಲ್ಲ? ದಿನಕ್ಕೆ ಮೂರು ಸಲ ಬಚ್ಚಲುಮನೆಗೆ ಹೋಗಿ, ಬಾಗಿಲು ಹಾಕಿಕೊಂಡು, ಉಸಿರು ಬಿಗಿಹಿಡಿದು ಅದನ್ನೇ ಕೇಳುತ್ತಿದ್ದೆ. ಮೂರು ಹೋಗಿ ಹತ್ತಾಯಿತು, ಹತ್ತು ಹೋಗಿ ಲೆಕ್ಕವಿಲ್ಲದಷ್ಟಾಯಿತು.

ಹೊರಗಿನ ಶಬ್ದಗಳಿಂದ ಇನ್ನೂ ಹಾಳಾದರೆ ಎಂಬ ಭಯಕ್ಕೆ ಇಯರ್‌ಪ್ಲಗ್ ಹಾಕಿಕೊಂಡು ಓಡಾಡಿದೆ. ಕುಕ್ಕರ್ ಕೂಗುವ ಹೊತ್ತಿಗೆ ಬಾಲ್ಕನಿಗೆ ಓಡುತ್ತಿದ್ದೆ. ಹೆಂಡತಿ ತಟ್ಟೆ ಇಟ್ಟರೆ, ‘ಸ್ವಲ್ಪ ಮೆಲ್ಲಗೆ ಇಡೋಕಾಗಲ್ವಾ?’ ಅಂತ ರೇಗುತ್ತಿದ್ದೆ. ವಿಟಮಿನ್ ಬಿ12, ಸತು, ಗಿಂಕೊ ಗುಳಿಗೆ ಎಲ್ಲ ನುಂಗಿದ್ದಾಯಿತು. ಮೀಟಿಂಗ್‌ಗಳಲ್ಲಿ ಮಾತಾಡುವುದು ಕಡಿಮೆಯಾಯಿತು. ಒಂದು ರಿಲೀಸ್‌ನಲ್ಲಿ ನನ್ನ ಕಡೆಯಿಂದ ದೊಡ್ಡ ತಪ್ಪೇ ಆಯಿತು. ಮ್ಯಾನೇಜರ್ ಕರೆದು ಕೇಳಿದಾಗ ‘ಕಿವಿಯಲ್ಲಿ ಸದ್ದು ಬರ್ತಿದೆ’ ಅಂತ ಹೇಳಲು ನಾಚಿಕೆಯಾಗಿ ಜ್ವರ ಎಂದೆ. ಕಣ್ಣಿಗೆ ಕಾಣದ, ಬೇರೆ ಯಾರಿಗೂ ಕೇಳಿಸದ ಕಾಯಿಲೆಯ ಕಷ್ಟವೇ ಇದು. ಕೈಗೆ ಬ್ಯಾಂಡೇಜ್ ಇದ್ದಿದ್ದರೆ ಎಲ್ಲರೂ ವಿಚಾರಿಸುತ್ತಿದ್ದರು.

ಸದ್ದಿಗಿಂತ ದೊಡ್ಡದಾಗಿದ್ದು ಪಶ್ಚಾತ್ತಾಪ. ಅವತ್ತು ಹೋಗದೇ ಇದ್ದಿದ್ದರೆ? ನಾಲ್ಕು ದಿನ ಎಣ್ಣೆ ಹಾಕಿ ಮೆತ್ತಗೆ ಮಾಡಿಕೊಂಡು ಹೋಗಿದ್ದರೆ? ‘ಸಾಕು, ನಿಲ್ಲಿಸಿ’ ಅಂತ ಹೇಳಿದ್ದರೆ? ಆ ವೈದ್ಯರ ಜೊತೆ ಮನಸ್ಸಿನಲ್ಲೇ ರಾತ್ರಿಯಿಡೀ ಜಗಳವಾಡುತ್ತಿದ್ದೆ. ಒಂದು ರಾತ್ರಿ ಹೆಂಡತಿ ಲೈಟ್ ಹಾಕಿ ಎದ್ದು ಕೂತು, ‘ನಿಂಗೆ ಅದೊಂದು ಸದ್ದು ಬಿಟ್ಟು ಈ ಮನೇಲಿ ಬೇರೇನೂ ಕೇಳಿಸ್ತಿಲ್ಲ. ನಾಳೆ ಬೇರೆ ಯಾರಿಗಾದ್ರೂ ತೋರಿಸೋಣ. ನಾನೂ ಬರ್ತೀನಿ’ ಎಂದಳು.

ಆರೇ ಆರು ಡೆಸಿಬೆಲ್

ಈ ಸಲ ಹೋಗಿದ್ದು ಆಡಿಯಾಲಜಿಸ್ಟ್ ಬಳಿ. ಶ್ರವಣ ಪರೀಕ್ಷೆ ಮಾಡುವ ಇವರದ್ದು ಬೇರೆಯದೇ ಶಿಕ್ಷಣ ಎಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಹೆಸರು ಕೇಳಿದ್ದೆ, ಆದರೆ ಅಲ್ಲಿ ಕಲಿಸುವ ವಿದ್ಯೆ ನನ್ನಂಥವನಿಗೂ ಬೇಕಾಗುತ್ತೆ ಎಂದು ಯೋಚಿಸಿರಲಿಲ್ಲ.

ಶಬ್ದ ಒಳಬರದ ಸಣ್ಣ ಕೋಣೆಯಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿದರು. 250 ಹರ್ಟ್ಜ್‌ನಿಂದ 8,000 ಹರ್ಟ್ಜ್‌ವರೆಗೆ ಒಂದೊಂದೇ ಸ್ವರ, ಕೇಳಿಸಿದಾಗಲೆಲ್ಲ ಗುಂಡಿ ಒತ್ತಬೇಕು. ನನ್ನ ಗ್ರಾಫ್ 4,000ದವರೆಗೆ ಸರಿಯಾಗಿಯೇ ಇತ್ತು. 6,000ದಲ್ಲಿ ಬಲಗಿವಿಯ ಗೆರೆ 35 ಡೆಸಿಬೆಲ್‌ಗೆ ಕುಸಿದಿತ್ತು. ದೊಡ್ಡವರಲ್ಲಿ 25ರವರೆಗೆ ಸಾಮಾನ್ಯ.

‘ಇದು ಅವತ್ತಿನ ಸಕ್ಷನ್‌ನಿಂದಲೇ ಆಯ್ತಾ ಮೇಡಂ?’ ಎಂದೆ. ಹೌದು ಅನ್ನಲಿ ಎಂದು ಕಾಯುತ್ತಿದ್ದೆ. ಅವರು, ‘ಸಕ್ಷನ್ ಸದ್ದು ಜೋರೇ. ಕೆಲವರಿಗೆ ಆಮೇಲೆ ಮೊರೆತ ಹೆಚ್ಚಾಗೋದುಂಟು. ಆದ್ರೆ ಈ ಕುಸಿತ ನಿಮ್ಮ ಕಾಲೇಜಿನ ಸ್ಪೀಕರ್‌ನದ್ದೂ ಇರಬಹುದು, ಹೆಡ್‌ಫೋನಿನದ್ದೂ ಇರಬಹುದು. ಮೊದಲಿನ ಆಡಿಯೋಗ್ರಾಂ ಇಲ್ಲದೆ ಯಾರೂ ಹೇಳಲಾರರು’ ಎಂದರು. ಮೂರು ತಿಂಗಳು ಮನಸ್ಸಿನಲ್ಲಿ ನಡೆಸಿದ ಮೊಕದ್ದಮೆ ಸಾಕ್ಷಿ ಇಲ್ಲದೆ ನಿಂತುಹೋಯಿತು.

ಆಮೇಲೆ ನನ್ನ ಸದ್ದನ್ನೇ ಅಳೆದರು. ಯಂತ್ರದಿಂದ ಬೇರೆ ಬೇರೆ ಸ್ವರ ಕೇಳಿಸಿ, ‘ನಿಮ್ಮದು ಇದರ ಹಾಗಿದೆಯಾ? ಇದಕ್ಕಿಂತ ಜೋರಾ?’ ಎಂದು ಕೇಳುತ್ತ ಹೋದರು. 6,000 ಹರ್ಟ್ಜ್ ಹತ್ತಿರ ಹೊಂದಾಣಿಕೆಯಾಯಿತು. ಗಟ್ಟಿತನ ಎಷ್ಟು ಗೊತ್ತೆ? ಆ ಸ್ವರದಲ್ಲಿ ನನಗೆ ಕೇಳಿಸುವ ಅತಿ ಸಣ್ಣ ಸದ್ದಿಗಿಂತ ಆರು ಡೆಸಿಬೆಲ್ ಮೇಲೆ. ಆರೇ ಆರು. ನನ್ನ ನಿದ್ದೆ, ಕೆಲಸ, ಸಂಸಾರ ಎಲ್ಲ ಕೆಡಿಸಿದ ರಾಕ್ಷಸ ಎಲೆ ಅಲುಗಿದಷ್ಟು ದೊಡ್ಡದಿತ್ತು!

‘ಬಹಳಷ್ಟು ಜನರದ್ದು ಹತ್ತರ ಒಳಗೇ ಇರುತ್ತೆ. ಸದ್ದು ಎಷ್ಟು ಜೋರು ಅನ್ನೋದಕ್ಕೂ ಮನುಷ್ಯ ಎಷ್ಟು ಒದ್ದಾಡ್ತಾನೆ ಅನ್ನೋದಕ್ಕೂ ನೇರ ಸಂಬಂಧ ಇಲ್ಲ’ ಎಂದರು ಮೇಡಂ. ನಾನು ನನ್ನ ಎಕ್ಸೆಲ್ ಶೀಟನ್ನು ಹೆಮ್ಮೆಯಿಂದ ತೋರಿಸಿದೆ. ಅವರು ಎರಡು ನಿಮಿಷ ನೋಡಿ, ‘ಇದನ್ನು ಡಿಲೀಟ್ ಮಾಡಿ. ಇದೇ ಮೊದಲ ಚಿಕಿತ್ಸೆ’ ಎಂದುಬಿಟ್ಟರು.

ಸದ್ದು ಇರುವುದು ಎಲ್ಲಿ?

ಅವರು ತಿಳಿಸಿದ್ದನ್ನೂ ಆಮೇಲೆ ನಾನು ಓದಿಕೊಂಡದ್ದನ್ನೂ ಸೇರಿಸಿ ಸರಳವಾಗಿ ಹೇಳುತ್ತೇನೆ. ನಮ್ಮ ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಕಾಕ್ಲಿಯಾ ಇದೆ. ಅದರಲ್ಲಿ ಸುಮಾರು 15 ಸಾವಿರ ರೋಮಕೋಶಗಳು. ಒಂದೊಂದು ಭಾಗದ ಕೋಶಗಳು ಒಂದೊಂದು ಸ್ವರಕ್ಕೆ ಸ್ಪಂದಿಸುತ್ತವೆ. ಬಾಗಿಲ ಬಳಿ ಇರುವ, ಚೂಪು ಸ್ವರದ ಕೋಶಗಳು ಸಾಮಾನ್ಯವಾಗಿ ಮೊದಲು ಹಾಳಾಗುತ್ತವೆ. ಮನುಷ್ಯರಲ್ಲಿ ಇವು ಮತ್ತೆ ಹುಟ್ಟುವುದಿಲ್ಲ.

ಒಂದು ಸ್ವರದ ಸುದ್ದಿ ಬರುವುದು ಕಡಿಮೆಯಾದಾಗ ಮೆದುಳು ಸುಮ್ಮನಿರುವುದಿಲ್ಲ. ಕೇಳಿಸುತ್ತಿಲ್ಲವಲ್ಲ ಎಂದು ಆ ಲೈನಿನ ವಾಲ್ಯೂಮ್ ಹೆಚ್ಚಿಸುತ್ತದೆ. ಹಳೆಯ ರೇಡಿಯೋದಲ್ಲಿ ಸ್ಟೇಷನ್ ಸಿಗದಿದ್ದಾಗ ವಾಲ್ಯೂಮ್ ಏರಿಸಿದರೆ ‘ಸರ್...’ ಎಂದು ಬರುತ್ತಿತ್ತಲ್ಲ, ಹಾಗೆ. ಕಿವಿ ಮೊರೆತಕ್ಕೆ ಇಂದು ಹೆಚ್ಚಾಗಿ ಕೊಡುವ ವಿವರಣೆ ಇದು. ನಾನು ದಿನವಿಡೀ ಇಯರ್‌ಪ್ಲಗ್ ತುರುಕಿಕೊಂಡು ಹೊರಗಿನ ಸದ್ದನ್ನೂ ನಿಲ್ಲಿಸಿದ್ದೆ. ಅಂದರೆ ಮೆದುಳಿಗೆ ವಾಲ್ಯೂಮ್ ಇನ್ನೂ ಏರಿಸು ಎಂದು ನಾನೇ ಹೇಳಿದಂತಾಯಿತು.

ಇದು ಅರ್ಧ ಕತೆ. ಇನ್ನರ್ಧ ಭಯದ್ದು. ಪಾವೆಲ್ ಯಾಸ್ಟ್ರೆಬಾಫ್ ಎಂಬ ವಿಜ್ಞಾನಿ 1990ರಲ್ಲಿ ಒಂದು ಮಾದರಿಯನ್ನು ಮುಂದಿಟ್ಟರು. ಸದ್ದು ಹುಟ್ಟುವುದು ಬೇರೆ, ಅದರಿಂದ ಸಂಕಟಪಡುವುದು ಬೇರೆ. ಮೆದುಳಿನ ಭಾವನೆಯ ಕೇಂದ್ರಗಳು ಆ ಸದ್ದಿಗೆ ‘ಅಪಾಯ’ ಎಂಬ ಚೀಟಿ ಅಂಟಿಸಿದರೆ ಗಮನ ಮತ್ತೆ ಮತ್ತೆ ಅಲ್ಲಿಗೇ ಓಡುತ್ತದೆ. ಚೀಟಿ ಕಿತ್ತರೆ, ಫ್ರಿಜ್ಜಿನ ಸದ್ದಿನಂತೆ ಅದೂ ಹಿನ್ನೆಲೆಗೆ ಸರಿಯುತ್ತದೆ. ರೈಲು ಹಳಿಯ ಪಕ್ಕದ ಮನೆಯವರು ರೈಲಿಗೆ ಏಳುವುದಿಲ್ಲ, ಮಗು ಮಗ್ಗುಲು ಬದಲಿಸಿದರೆ ಏಳುತ್ತಾರೆ.

ನನಗೆ ಧೈರ್ಯ ಕೊಟ್ಟ ಇನ್ನೊಂದು ಸಂಗತಿಯೆಂದರೆ 1953ರ ಒಂದು ಪ್ರಯೋಗ. ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬಿಬ್ಬರು ಕಿವಿ ಚೆನ್ನಾಗಿದ್ದ 80 ಮಂದಿಯನ್ನು ಒಬ್ಬೊಬ್ಬರನ್ನಾಗಿ ನಿಶ್ಶಬ್ದ ಕೋಣೆಯಲ್ಲಿ ಕೂರಿಸಿ, ಏನು ಕೇಳಿಸುತ್ತೆ ಹೇಳಿ ಎಂದರು. ಶೇಕಡ 94 ಮಂದಿಗೆ ಗುಂಯ್, ಕೀ, ಸರ್ ಎಂದು ಏನಾದರೊಂದು ಕೇಳಿಸಿತು. ನಾನು ಕಳೆದುಕೊಂಡೆ ಎಂದು ಅಳುತ್ತಿದ್ದ ಪೂರ್ಣ ನಿಶ್ಶಬ್ದ ಬಹುಶಃ ಯಾರ ಬಳಿಯೂ ಇಲ್ಲ.

ಹೊಸ ಕಾಯಿಲೆಯೂ ಅಲ್ಲ ಇದು. ಸುಶ್ರುತ ಸಂಹಿತೆ ಹೇಳುವ 28 ಕರ್ಣರೋಗಗಳಲ್ಲಿ ಕರ್ಣನಾದವೂ ಒಂದು. ಚೆಕ್ ಸಂಗೀತಗಾರ ಸ್ಮೆತಾನ 1874ರಲ್ಲಿ ಕಿವುಡನಾದ. ಎರಡು ವರ್ಷದ ಬಳಿಕ ತನ್ನ ಜೀವನವನ್ನೇ ವಸ್ತುವಾಗಿಸಿ ಬರೆದ ತಂತಿವಾದ್ಯಗಳ ಕೃತಿಯ ಕೊನೆಯ ಭಾಗದಲ್ಲಿ, ತನ್ನ ಕಿವಿಯಲ್ಲಿ ಮೊರೆದ ಆ ಚೂಪು ಸ್ವರವನ್ನೇ ವಯಲಿನ್‌ನಲ್ಲಿ ನುಡಿಸುವಂತೆ ಇಟ್ಟ.

ನಾನು ಮಾಡಿದ್ದು, ಬಿಟ್ಟಿದ್ದು

ಮೊದಲು ಬಿಟ್ಟಿದ್ದು ಎಕ್ಸೆಲ್ ಶೀಟ್. ನಂತರ ಗುಳಿಗೆಗಳು. ಗಿಂಕೊ, ಸತುವಿನಂಥವನ್ನು ಕಿವಿ ಮೊರೆತಕ್ಕೆ ಕೊಡಬೇಡಿ ಎಂದು ಅಮೆರಿಕದ ಕಿವಿ-ಮೂಗು-ಗಂಟಲು ತಜ್ಞರ ಸಂಘದ 2014ರ ಮಾರ್ಗಸೂಚಿಯೇ ಹೇಳಿದೆ. ಅದೇ ಮಾರ್ಗಸೂಚಿ ತುಂಬಾ ತೊಂದರೆಪಡುತ್ತಿರುವವರಿಗೆ ಸಿ.ಬಿ.ಟಿ. ಎಂಬ ಮನೋಚಿಕಿತ್ಸೆಯನ್ನು ಶಿಫಾರಸು ಮಾಡುತ್ತದೆ. ‘ನಂಗೇನು ಹುಚ್ಚಾ?’ ಎಂದು ಮೊದಲು ನನಗೂ ಅನ್ನಿಸಿತು. ಅಲ್ಲ, ಅಲ್ಲಿ ಮಾಡಿಸುವುದು ತುಂಬಾ ವ್ಯಾವಹಾರಿಕ ಕೆಲಸ. ಸದ್ದು ಜೋರಾದಾಗ ತಲೆಯಲ್ಲಿ ಯಾವ ಮಾತು ಓಡುತ್ತದೆ ಎಂದು ಬರೆಯಲು ಹೇಳಿದರು. ನಾನು ಬರೆದದ್ದು: ‘ಇದು ಇನ್ನೂ ಹೆಚ್ಚುತ್ತೆ, ನನಗೆ ಕೆಲಸ ಹೋಗುತ್ತೆ.’ ಅದಕ್ಕೆ ಆಧಾರ ಏನು ಎಂದು ಕೇಳಿದರು. ಹುಡುಕಿದರೆ ಆಧಾರ ಇರಲಿಲ್ಲ. ಕೆಲಸದಲ್ಲಿ ತಪ್ಪಾಗಿದ್ದು ನಿದ್ದೆಗೆಟ್ಟಿದ್ದರಿಂದ, ನಿದ್ದೆ ಕೆಟ್ಟಿದ್ದು ಭಯದಿಂದ.

ಎರಡನೆಯದು, ನಿಶ್ಶಬ್ದದಲ್ಲಿ ಕೂರದಿರುವುದು. ರಾತ್ರಿ ಫ್ಯಾನ್ ಓಡುತ್ತದೆ, ಚಳಿಯಿದ್ದರೂ ಗೋಡೆ ಕಡೆ ತಿರುಗಿಸಿ ಓಡಿಸುತ್ತೇನೆ. ದಿಂಬಿನ ಪಕ್ಕ ಫೋನಿನಲ್ಲಿ ಮಳೆಯ ಸದ್ದು. ಇದರಲ್ಲಿ ಒಂದು ಸೂಕ್ಷ್ಮ ಇದೆ. ಮಳೆ ಸದ್ದು ಕಿವಿಯ ಸದ್ದನ್ನು ಪೂರ್ತಿ ಮುಳುಗಿಸುವಷ್ಟು ಜೋರಾಗಿರಬಾರದು. ಎರಡೂ ಒಟ್ಟಿಗೆ ಕೇಳಿಸಬೇಕು, ಮಳೆ ಒಂದು ಚೂರು ಕೆಳಗಿರಬೇಕು. ಮುಳುಗಿಸಿದರೆ ಮೆದುಳು ಒಗ್ಗಿಕೊಳ್ಳಲು ಕಲಿಯುವುದೇ ಇಲ್ಲ.

ಮೂರನೆಯದು, ಇಯರ್‌ಪ್ಲಗ್‌ಗೆ ಸರಿಯಾದ ಜಾಗ ತೋರಿಸಿದ್ದು. ಗಣೇಶನ ಮೆರವಣಿಗೆ, ಮದುವೆಯ ಡಿಜೆ, ಪಟಾಕಿ ಇರುವಲ್ಲಿ ಹಾಕುತ್ತೇನೆ. ಅಡುಗೆಮನೆಗೆ ಹಾಕುವುದಿಲ್ಲ. ಹೆಡ್‌ಫೋನ್ ಪೂರ್ತಿ ಬಿಟ್ಟಿಲ್ಲ, ಆದರೆ ಕಿವಿ ಮೇಲೆ ಕೂರುವಂಥದ್ದಕ್ಕೆ ಬದಲಾಯಿಸಿದೆ. ದೊಡ್ಡವರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿ.

ಇದೆಲ್ಲ ಮಾಡಿದ ಕೂಡಲೇ ಗುಣವಾಯಿತು ಎಂದರೆ ಸುಳ್ಳಾಗುತ್ತದೆ. ಎರಡು ದಿನ ಚೆನ್ನಾಗಿರುತ್ತಿತ್ತು, ಮೂರನೇ ದಿನ ಮತ್ತೆ ಅದೇ. ಅಂಥ ದಿನಗಳಲ್ಲಿ ಮತ್ತೆ ಆ ಶನಿವಾರದ ಕುರ್ಚಿಯಲ್ಲೇ ಹೋಗಿ ಕೂರುತ್ತಿದ್ದೆ.

ಅಮ್ಮ ಹೇಳದೇ ಇದ್ದದ್ದು

ಜೂನ್ ಮೊದಲ ವಾರ ಊರಿಗೆ ಹೋದೆವು. ನಮ್ಮೂರು ಸಾಗರದ ಹತ್ತಿರದ ಹಳ್ಳಿ. ಮಳೆ ಇನ್ನೇನು ಹಿಡಿಯುವ ಹೊತ್ತು. ಅಮ್ಮನಿಗೆ ಕಿವಿ ವಿಷಯ ಹೇಳಿರಲಿಲ್ಲ. ಅವಳೊಬ್ಬಳೇ ಇರುವುದು, ಸುಮ್ಮನೆ ಗಾಬರಿಯಾಗುತ್ತಾಳೆ ಅಂತ.

ಸಂಜೆ ಕರೆಂಟ್ ಹೋಯಿತು. ಜಗಲಿಯಲ್ಲಿ ಕೂತಿದ್ದೆವು. ತೋಟದ ಕಡೆಯಿಂದ ಜೀರುಂಡೆಗಳು ಕೂಗಲು ಶುರುಮಾಡಿದವು. ಮಲೆನಾಡಿನವರಿಗೆ ಗೊತ್ತು, ಅದು ಒಂದೆರಡು ಹುಳುವಿನ ಸದ್ದಲ್ಲ, ಇಡೀ ಕಾಡೇ ಗರಗಸ ಹಿಡಿದಂತಿರುತ್ತದೆ. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಿವಿಯ ಸದ್ದನ್ನು ಹುಡುಕಿದೆ. ಸಿಗಲಿಲ್ಲ! ಅದೇ ಚೂಪು, ಅದೇ ‘ಕೀ...’, ಯಾವುದು ಒಳಗಿನದು ಯಾವುದು ಹೊರಗಿನದು ಎಂದು ಬೇರ್ಪಡಿಸಲು ಆಗಲಿಲ್ಲ. ಹದಿನೆಂಟು ವರ್ಷ ಈ ಸದ್ದಿನಲ್ಲೇ ನಾನು ಗೊರಕೆ ಹೊಡೆದು ಮಲಗಿದ್ದೆನಲ್ಲ ಎಂದು ಅವತ್ತು ಹೊಳೆಯಿತು.

‘ಈ ಸಲ ಜೀರುಂಡೆ ಎಷ್ಟು ಜೋರಲ್ಲ ಅಮ್ಮ?’ ಎಂದೆ.

‘ಎಲ್ಲಿದೆ ಮಾರಾಯ ಜೀರುಂಡೆ? ಎರಡು ಮೂರು ವರ್ಷದಿಂದ ಒಂದೂ ಇಲ್ಲ. ಎಂತ ಔಷಧಿ ಹೊಡೀತಾರೋ ಏನೋ’ ಎಂದಳು ಅಮ್ಮ.

ನಾನೂ ಹೆಂಡತಿಯೂ ಮುಖ ಮುಖ ನೋಡಿಕೊಂಡೆವು. ಜಗಲಿಯಲ್ಲಿ ಮಾತು ಎತ್ತರಿಸದೆ ಕೇಳಿಸದಷ್ಟು ಜೋರಾಗಿ ಅವು ಕೂಗುತ್ತಿದ್ದವು. ಅಮ್ಮ ಮುಂದುವರಿಸಿದಳು: ‘ಅದರ ಬದಲು ನನ್ನ ಕಿವಿಯೊಳಗೇ ಒಂದು ಬಂದು ಕೂತಿದೆ. ಆರೇಳು ವರ್ಷ ಆಯ್ತು. ರಾತ್ರಿ ಜಾಸ್ತಿ.’

‘ಯಾಕೆ ಹೇಳ್ಲಿಲ್ಲ?’

‘ಹೇಳಿ ಎಂತ ಮಾಡೋದು? ನಿಂಗೆ ಅಲ್ಲಿ ನೂರೆಂಟು ಕೆಲಸ. ಮೊದಮೊದಲು ಹೆದರಿಕೆ ಆಗ್ತಿತ್ತು. ಆಮೇಲೆ ಅದರ ಪಾಡಿಗೆ ಅದು, ನನ್ನ ಪಾಡಿಗೆ ನಾನು.’

ಟಿ.ವಿ. ಸದ್ದು ಕಡಿಮೆ ಮಾಡು ಅಂತ ಫೋನಿನಲ್ಲಿ ಎಷ್ಟು ಸಲ ಬೈದಿದ್ದೆ ಅವಳಿಗೆ. ಒಂದೇ ಮಾತನ್ನು ಎರಡು ಸಲ ಹೇಳಿಸಿದರೆ ಸಿಡುಕುತ್ತಿದ್ದೆ. ನನ್ನ ಆರು ಡೆಸಿಬೆಲ್‌ಗೆ ನಾಲ್ಕು ತಿಂಗಳು ಮನೆ ತಲೆಕೆಳಗು ಮಾಡಿದ ನಾನು, ಆರೇಳು ವರ್ಷದಿಂದ ಅದನ್ನೇ ಹೊತ್ತು ದನದ ಕೊಟ್ಟಿಗೆ, ತೋಟ, ಅಡುಗೆ ಎಂದು ಓಡಾಡಿಕೊಂಡಿದ್ದ ಅಮ್ಮನನ್ನು ಒಮ್ಮೆಯೂ ಕೇಳಿರಲಿಲ್ಲ.

ಆ ರಾತ್ರಿ ನನ್ನ ಕತೆಯನ್ನೂ ಹೇಳಿದೆ. ಅಮ್ಮ ಪೂರ್ತಿ ಕೇಳಿ, ‘ಆ ಡಾಕ್ಟರ ಮೇಲೆ ಸಿಟ್ಟು ಮಾಡ್ಕೊಂಡು ಕೂತ್ರೆ ಕಿವಿ ಸರಿ ಆಗ್ತದಾ?’ ಎಂದಳು. ಅಷ್ಟೇ. ಆಡಿಯಾಲಜಿಸ್ಟ್ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಆದರೆ ಅದೇ ಸದ್ದನ್ನು ಕಿವಿಯಲ್ಲಿಟ್ಟುಕೊಂಡವಳು ಹೇಳಿದಾಗ ಅದು ನನ್ನೊಳಗೆ ಇಳಿಯಿತು.

ಆದರೆ ಅಮ್ಮನ ‘ಹೇಳಿ ಎಂತ ಮಾಡೋದು’ ಎಂಬ ಮಾತನ್ನು ನಾನು ಒಪ್ಪಲಿಲ್ಲ. ಮರುದಿನವೇ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದೆ. ವಯಸ್ಸಿನಿಂದ ಎರಡೂ ಕಿವಿಯಲ್ಲಿ ಚೂಪು ಸ್ವರಗಳು ಹೋಗಿದ್ದವು. ಶ್ರವಣ ಸಾಧನ ಹಾಕಿದರೆ ಮಾತು ಸ್ಪಷ್ಟವಾಗುತ್ತದೆ, ಹೊರಗಿನ ಸದ್ದು ಮತ್ತೆ ಒಳಬರುವುದರಿಂದ ಮೊರೆತದ ಕಾಟವೂ ಎಷ್ಟೋ ಜನರಿಗೆ ತಗ್ಗುತ್ತದೆ ಎಂದರು. ಅಮ್ಮ ‘ಮುದುಕಿ ಥರ ಕಾಣ್ತೀನಿ’ ಎಂದು ಹಟ ಮಾಡಿ, ಕೊನೆಗೆ ಒಪ್ಪಿದಳು.

ಕಿವಿ ತುಂಬಿದವರಿಗೆ ನಾಲ್ಕು ಮಾತು

ನನ್ನ ಅನುಭವ ಓದಿ ಯಾರೂ ಗುಗ್ಗೆ ತೆಗೆಸಲು ಹೆದರಬೇಡಿ. ಬಹುಪಾಲು ಜನರಿಗೆ ಏನೂ ಆಗುವುದಿಲ್ಲ. ಎಷ್ಟೋ ಮಂದಿಗೆ ಗುಗ್ಗೆ ತೆಗೆದ ಮೇಲೆ ಇದ್ದ ಮೊರೆತವೇ ಹೋಗುತ್ತದೆ. ಆದರೆ ನನಗೆ ಮೊದಲೇ ಗೊತ್ತಿದ್ದರೆ ಒಳ್ಳೆಯದಿತ್ತು ಅನ್ನಿಸುವ ಕೆಲವು ವಿಷಯಗಳಿವೆ.

ಗುಗ್ಗೆ ಕೊಳೆಯಲ್ಲ, ಕಿವಿಯ ಚರ್ಮವನ್ನು ಕಾಯುವ ಲೇಪ. ಅದು ತಯಾರಾಗುವುದು ಕಿವಿಯ ನಾಳದ ಹೊರಭಾಗದಲ್ಲಿ ಮಾತ್ರ. ನಾಳದ ಚರ್ಮ ನಿಧಾನವಾಗಿ ಹೊರಮುಖವಾಗಿ ಬೆಳೆಯುತ್ತ ಅದನ್ನು ತಾನೇ ಆಚೆ ತಳ್ಳುತ್ತದೆ. ಪರದೆಯ ಹತ್ತಿರ ಗುಗ್ಗೆ ಸಿಕ್ಕಿದೆ ಎಂದರೆ ಹೆಚ್ಚಿನ ಸಲ ಹತ್ತಿ ಕಡ್ಡಿಯೋ ಹೇರ್‌ಪಿನ್ನೋ ತಳ್ಳಿದ್ದು. ಹಾಗಾಗಿ ಕಡ್ಡಿ ಬಿಡಿ.

ತೆಗೆಸಬೇಕಾದರೆ, ಪರದೆಯಲ್ಲಿ ತೂತಿಲ್ಲ ಎಂದು ವೈದ್ಯರು ಹೇಳಿದ ಮೇಲೆ, ಅವರು ಕೊಡುವ ಹನಿಯನ್ನು ಕೆಲವು ದಿನ ಹಾಕಿ ಮೆತ್ತಗೆ ಮಾಡಿಕೊಂಡು ಹೋಗಿ. ಮೆತ್ತಗಿದ್ದರೆ ಕೆಲಸ ಬೇಗ ಮುಗಿಯುತ್ತದೆ. ಮೊದಲೇ ಮೊರೆತ ಇದ್ದರೆ ಅದನ್ನು ಹೇಳಿ. ಯಾವ ವಿಧಾನ ಎಂದು ಕೇಳಿ. ನೋವಾದರೆ, ಶಬ್ದ ತಡೆಯಲಾಗದಿದ್ದರೆ ಕೈ ಎತ್ತಿ ನಿಲ್ಲಿಸಲು ಹೇಳಿ. ನೀರು ಹಾಕಿ ತೊಳೆಯುವುದಾದರೆ ಅದು ಮೈಬಿಸಿಯಷ್ಟೇ, ಸುಮಾರು 37 ಡಿಗ್ರಿ ಇರಬೇಕು. ತಣ್ಣೀರಾದರೆ ತಲೆಸುತ್ತು ಬರುತ್ತದೆ.

ಕೆಲವು ಲಕ್ಷಣಗಳಿಗೆ ಮಾತ್ರ ಕಾಯುವ ಹಾಗೇ ಇಲ್ಲ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದಂತಾದರೆ ಅದು ತುರ್ತು, ಅದೇ ದಿನ ವೈದ್ಯರ ಬಳಿ ಹೋಗಬೇಕು. ಚಿಕಿತ್ಸೆ ತಡವಾದಷ್ಟೂ ಕೇಳುವ ಶಕ್ತಿ ಮರಳುವ ಸಾಧ್ಯತೆ ಕಡಿಮೆಯಾಗುತ್ತದೆ. ಮೊರೆತ ಎದೆಬಡಿತದ ಲಯದಲ್ಲೇ ಬರುತ್ತಿದ್ದರೆ, ಒಂದೇ ಕಿವಿಯಲ್ಲಿದ್ದರೆ, ತಲೆಸುತ್ತು ಜೊತೆಗಿದ್ದರೆ ಪರೀಕ್ಷೆ ಮಾಡಿಸಲೇಬೇಕು. ಮೊರೆತದಿಂದ ಬದುಕೇ ಬೇಡ ಅನ್ನಿಸುವಷ್ಟು ಕಷ್ಟವಾಗುತ್ತಿದ್ದರೆ ಒಬ್ಬರೇ ಕೂರಬೇಡಿ, ಮನೆಯವರಿಗೆ ಹೇಳಿ, ವೈದ್ಯರಿಗೆ ಹೇಳಿ. ನೂರು ಮಂದಿ ವಯಸ್ಕರಲ್ಲಿ ಹತ್ತು ಹದಿನೈದು ಜನರಿಗೆ ಈ ಸದ್ದು ಇದೆ. ನಿಮ್ಮ ಮನೆಯಲ್ಲೇ ಇನ್ನೊಬ್ಬರು ಇರಬಹುದು, ಕೇಳಿ ನೋಡಿ.

ಈಗ ನನ್ನ ಕಿವಿ ಹೇಗಿದೆ? ಸದ್ದು ಇದೆ. ಇದನ್ನು ಬರೆಯುವಾಗ ಅದರ ಬಗ್ಗೆಯೇ ಯೋಚಿಸಬೇಕಾದ್ದರಿಂದ ಇವತ್ತು ಸ್ವಲ್ಪ ಹೆಚ್ಚೇ ಇದೆ. ಆದರೆ ನಿನ್ನೆ ಇತ್ತಾ ಎಂದು ಕೇಳಿದರೆ ನನಗೆ ನೆನಪಿಲ್ಲ. ನಿನ್ನೆ ಆಫೀಸಿಗೆ ಹೋಗಿದ್ದೆ, ಬರುವಾಗ ಕೊತ್ತಂಬರಿ ಸೊಪ್ಪು ತಂದಿದ್ದೆ, ಅಷ್ಟು ಮಾತ್ರ ನೆನಪು.

ಶ್ರವಣ ಸಾಧನ ಹಾಕಿದ ಹತ್ತು ದಿನಕ್ಕೆ ಅಮ್ಮ ಲ್ಯಾಂಡ್‌ಲೈನಿನಿಂದ ಫೋನ್ ಮಾಡಿದ್ದಳು. ನಮ್ಮೂರಲ್ಲಿ ಮಳೆಗಾಲಕ್ಕೆ ಮೊಬೈಲ್ ಸಿಗ್ನಲ್ ನೆಚ್ಚುವ ಹಾಗಿಲ್ಲ. ‘ಜೀರುಂಡೆ ಕೂಗ್ತಾ ಇದಾವೆ ಮಾರಾಯ! ಎಲ್ಲೂ ಹೋಗ್ಲಿಲ್ಲ ಅವು. ತಡಿ, ಕೇಳಿಸ್ತೀನಿ’ ಎಂದು ರಿಸೀವರನ್ನು ಕಿಟಕಿ ಕಡೆ ಹಿಡಿದಳು. ಲ್ಯಾಂಡ್‌ಲೈನಿನಲ್ಲಿ 3,400 ಹರ್ಟ್ಜ್‌ಗಿಂತ ಮೇಲಿನದ್ದು ಬರುವುದೇ ಇಲ್ಲ, ಜೀರುಂಡೆಯ ಚೂಪು ಸ್ವರ ಅದರಲ್ಲಿ ದಾಟುವುದಿಲ್ಲ ಎಂದು ನನಗೆ ಗೊತ್ತು. ನನಗೆ ಕೇಳಿಸುತ್ತಿದ್ದದ್ದು ನನ್ನದೇ.

‘ಕೇಳ್ತಾ?’ ಎಂದಳು.

‘ಹ್ಞೂಂ ಅಮ್ಮ, ಚೆನ್ನಾಗಿ ಕೇಳ್ತಿದೆ’ ಎಂದೆ.